ಮಂಡೈ ಕಡೆ ಹೋಗಬ್ಯಾಡ್ರಿ

ನಮ್ಮ ಅತ್ತೆಯನ್ನು ನೀವು ನೋಡಿಲ್ಲ ಎಂದರೆ ಒಂದೋ ನೀವು ನಮ್ಮ ಕಡೆಯವರಲ್ಲ, ಇಲ್ಲವೇ ನಿಮ್ಮ ಪುಣ್ಯ ಬಲು ಗಟ್ಟಿಯಾಗಿದೆ! ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ಊರಿನ ಸಂತೆಗಳಲ್ಲಿ ಅವಳೊಡನೆ ಒಮ್ಮೆಯೂ ಜಗಳವಾಡದ ವ್ಯಾಪಾರಿ ಯಾರಾದರೂ ಇದ್ದರೆ, ಅವಳು ಬಂದ ವಾರ ಅವನು ಜ್ವರ ಬಂದು ಮನೆಯಲ್ಲಿ ಮಲಗಿದ್ದ ಎಂದೇ ಅರ್ಥ.

ಅವಳು ಹುಟ್ಟಿದ್ದು ಕಲ್ಲೋಳಿ, ಕೊಟ್ಟಿದ್ದು ಹುಕ್ಕೇರಿ, ಬಂದು ನೆಲೆ ನಿಂತಿದ್ದು ಮೂಡಲಗಿಯ ನಮ್ಮ ಮನೆಯಲ್ಲಿ. ಅಪ್ಪನ ಅಕ್ಕ. ಮದುವೆಯಾಗಿ ಸ್ವಲ್ಪ ದಿನಕ್ಕೇ ಗಂಡ ತೀರಿಕೊಂಡ, ಮಕ್ಕಳಿರಲಿಲ್ಲ. ಮುಂದೆ ನಮ್ಮ ಅವ್ವನೂ ಹೋದಾಗ, ಇನ್ನೂ ಸಣ್ಣವರಿದ್ದ ಶೋಭಕ್ಕನನ್ನೂ ನನ್ನನ್ನೂ ನೋಡಿಕೊಳ್ಳಲು "ಒಂದೆಂಟ ದಿನ ಇದ್ದು ಹೋಗತೇನಿ" ಎಂದು ಕೈಚೀಲ ಹಿಡಿದು ಬಂದಳು. ಆ ಎಂಟು ದಿನ ಅವಳ ಪಂಚಾಂಗದಲ್ಲಿ ಮುಗಿಯಲೇ ಇಲ್ಲ!

ಅತ್ತೆಗೆ ಒಂದು ವಿಚಿತ್ರ ಕಿವಿಯ ರೋಗವಿತ್ತು. "ಬ್ಯಾಡ" ಎಂದು ಯಾರಾದರೂ ಅಂದರೆ ಅದು ಅವಳಿಗೆ "ಈಗಿಂದೀಗ ಮಾಡು" ಎಂದು ಕೇಳಿಸುತ್ತಿತ್ತು. ಇದಕ್ಕೆ ಔಷಧ ಇರಲಿಲ್ಲ. ಔಷಧ ಕೊಡಬೇಕಾದ ಡಾಕ್ಟರೇ ಆ ರೋಗಕ್ಕೆ ಸಿಕ್ಕು ಸುಣ್ಣವಾಗಿದ್ದರು. ಹೊಟ್ಟೆ ಉರಿ ಎಂದು ಗೋಕಾಕಕ್ಕೆ ತೋರಿಸಲು ಹೋದಾಗ ಆ ತರುಣ ಡಾಕ್ಟರು, "ಅಮ್ಮಾರ, ಇನ್ನ ಮ್ಯಾಲೆ ಖಾರ ತಿನಬ್ಯಾಡ್ರಿ" ಎಂದರು. ಪಾಪ, ಹೊಸದಾಗಿ ಬಂದವರು.

ಅತ್ತೆ ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಡಾಕ್ಟರ್ರ, ನಿಮ್ಮಪ್ಪಗ ಮೀಸಿ ಮೂಡೂಕಿಂತ ಮೊದಲ ನಾ ಖಾರ ತಿನ್ನಾಕತ್ತೇನಿ. ಉರಿಯೂದು ನನ್ನ ಹೊಟ್ಟಿ, ನಿಮಗೇನ ತ್ರಾಸು?"

"ಮತ್ತ ನನ್ನ ಕಡೆ ಯಾಕ ಬಂದ್ರಿ?"

"ಉರಿ ಕಡಿಮಿ ಮಾಡಾಕ. ಖಾರ ಕಡಿಮಿ ಮಾಡಾಕಲ್ಲ!"

ಮುಂದಿನ ಸಲ ಹೋಗುವಾಗ ಮನೆಯಲ್ಲಿ ಕುಟ್ಟಿದ ಖಾರದ ಒಂದು ಡಬ್ಬಿಯನ್ನು ಅವರಿಗೇ ಒಯ್ದು ಕೊಟ್ಟಳು. ಅದಾದ ಮೇಲೆ ಡಾಕ್ಟರು ಖಾರದ ಮಾತೆತ್ತಲಿಲ್ಲ. ಡಬ್ಬಿ ಮಾತ್ರ ಖಾಲಿಯಾದಾಗಲೆಲ್ಲ ನಮ್ಮ ಮನೆಗೆ ತಿರುಗಿ ಬರುತ್ತಿತ್ತು.

ಬಸ್ಸಿನ ಕಂಡಕ್ಟರದ್ದು ಇನ್ನೊಂದು ಕಥೆ. ಅರಭಾವಿಯಿಂದ ಗೋಕಾಕಕ್ಕೆ ಹೋಗುವಾಗ ಅತ್ತೆ ತೊಡೆಯ ಮೇಲೆ ಒಂದು ಭಾರೀ ಕುಂಬಳಕಾಯಿ ಇಟ್ಟುಕೊಂಡು ಕೂತಿದ್ದಳು. ಕಂಡಕ್ಟರು ಅದಕ್ಕೆ ಲಗೇಜು ಚೀಟಿ ತೆಗೆಸಬೇಕೆಂದ.

"ತೊಡಿ ಮ್ಯಾಲಿನ ಕೂಸಿಗೆ ಟಿಕೀಟು ತಗೋತಿಯೇನ?" ಅತ್ತೆ ಕೇಳಿದಳು.

"ಇದು ಕೂಸಲ್ಲರಿ, ಕುಂಬಳಕಾಯಿ."

"ಮತ್ತ ಇನ್ನೂ ಛಲೋ ಆತಲ್ಲ! ಕೂಸು ಅಳತೈತಿ, ಉಚ್ಚಿ ಹೊಯ್ಯತೈತಿ. ಇದು ಎರಡೂ ಮಾಡಂಗಿಲ್ಲ. ನೀನ ನನಗ ರೊಕ್ಕ ಕೊಡಬೇಕ!"

ತೋಟಗಾರಿಕೆ ಕಾಲೇಜಿನ ಹುಡುಗರು ತುಂಬಿದ ಬಸ್ಸು. ಚಪ್ಪಾಳೆ ಬಿತ್ತು, ಸಿಳ್ಳೆಯೂ ಬಿತ್ತು. ಕಂಡಕ್ಟರು ಕುಂಬಳಕಾಯಿಯನ್ನು ಒಮ್ಮೆ, ಅತ್ತೆಯನ್ನು ಒಮ್ಮೆ ನೋಡಿ ಮುಂದೆ ಹೋದ. ಆ ಹೊತ್ತು ಅವನಿಗೆ ಎರಡರಲ್ಲಿ ಯಾವುದು ಹೆಚ್ಚು ದುಂಡಗೆ, ಹೆಚ್ಚು ಗಟ್ಟಿ ಎಂದು ತಿಳಿಯದೇ ಹೋಗಿರಬೇಕು.

ಗಂಡ ಸತ್ತವಳು ಎಂದು ಸುಮ್ಮನೆ ಮೂಲೆ ಹಿಡಿದವಳೂ ಅಲ್ಲ. ನಮ್ಮ ಸಂಬಂಧಿಕರ ಮದುವೆಯೊಂದರಲ್ಲಿ ಮುದುಕಿಯೊಬ್ಬಳು, "ಶುಭ ಕಾರ್ಯೇವು, ನೀ ಮುಂದ ಬರಬ್ಯಾಡ ತಂಗಿ" ಎಂದು ಪಿಸುಗುಟ್ಟಿದಳಂತೆ. ಬ್ಯಾಡ! ಅಷ್ಟು ಸಾಕಲ್ಲ? ಆ ಮದುವೆಯ ಫೋಟೋ ಆಲ್ಬಮ್ಮು ನಮ್ಮಲ್ಲಿ ಈಗಲೂ ಇದೆ. ಅಕ್ಕಿಕಾಳು ಹಾಕುವಾಗ ಅತ್ತೆ, ಮಾಲೆ ಬದಲಿಸುವಾಗ ಅತ್ತೆ. ಮದುಮಗನ ತಾಯಿಯ ಮುಖ ಬರಬೇಕಾದಲ್ಲಿ ನಮ್ಮ ಅತ್ತೆಯ ಹಣೆಯ ವಿಭೂತಿ!

ಇಂಥ ಮನೆಯಲ್ಲಿ ಬೆಳೆದ ಶೋಭಕ್ಕ ಒಂದು ದಿನ "ಬ್ಯಾಡ" ಅನ್ನಿಸಿಕೊಳ್ಳುವಂಥ ಕೆಲಸ ಮಾಡಿದ್ದರಲ್ಲಿ ಆಶ್ಚರ್ಯವೇನಿದೆ?

ಅಪ್ಪನದು ಒಣಮೆಣಸಿನಕಾಯಿ ಮತ್ತು ಬೆಲ್ಲದ ವ್ಯಾಪಾರ. ಪುಣೆಯಿಂದ ಒಬ್ಬ ತರುಣ ಪ್ರತಿ ಸುಗ್ಗಿಗೆ ಮೆಣಸಿನಕಾಯಿ ಖರೀದಿಗೆ ಬರುತ್ತಿದ್ದ. ಅವರದು ಅಲ್ಲಿನ ಮಂಡೈ ಮಾರುಕಟ್ಟೆಯಲ್ಲಿ ತಲೆಮಾರಿನ ಅಂಗಡಿ. ಮೊದಲು ಸುಗ್ಗಿಗೊಮ್ಮೆ ಬರುತ್ತಿದ್ದವನು ತಿಂಗಳಿಗೊಮ್ಮೆ ಬರತೊಡಗಿದ. ಮೆಣಸಿನಕಾಯಿಯೇ ಇಲ್ಲದ ಮಳೆಗಾಲದಲ್ಲೂ ಬಂದ! ಆಗಲಾದರೂ ಅಪ್ಪನಿಗೆ ತಿಳಿಯಬೇಕಿತ್ತು. ತಿಳಿಯುವ ಹೊತ್ತಿಗೆ ಅವನೂ ಶೋಭಕ್ಕನೂ ಪುಣೆಯಲ್ಲಿ ರಿಜಿಸ್ಟರ್ ಮದುವೆ ಆಗಿದ್ದರು. ಬೇರೆ ಜಾತಿ, ಬೇರೆ ಭಾಷೆ. ಅಪ್ಪ ಅಂಗಡಿ ಮುಚ್ಚಿ ಮನೆಗೆ ಬಂದು, ನಡುಮನೆಯಲ್ಲಿ ನಿಂತು ಒಂದೇ ಮಾತು ಹೇಳಿದ: "ಇನ್ನ ಮ್ಯಾಲೆ ಆಕಿ ಹೆಸರು ಈ ಮನ್ಯಾಗ ಯಾರೂ ತಗೀಬ್ಯಾಡ್ರಿ."

ಅತ್ತೆ ಏನೂ ಅನ್ನಲಿಲ್ಲ. ನನಗೇ ದಿಗಿಲಾಯಿತು. ಅತ್ತೆ ಸುಮ್ಮನಿರುವುದೆಂದರೇನು?

ಆ ವಾರವೇ ನಮ್ಮ ಎಮ್ಮೆ ಹೆಣ್ಣು ಕರು ಹಾಕಿತು. ಅತ್ತೆ ಅದಕ್ಕೆ ಶೋಭಾ ಎಂದು ಹೆಸರಿಟ್ಟಳು! ಬೆಳಗಾದರೆ ಹಿತ್ತಲಿನಿಂದ ಇಡೀ ಓಣಿಗೆ ಕೇಳುವಂತೆ ಶುರುವಾಗುತ್ತಿತ್ತು: "ಶೋಭಾ, ಎದ್ದಿಯೇನವ್ವಾ? ಶೋಭಾ, ಹೊಟ್ಟಿ ತುಂಬೇತೇನ? ಶೋಭಾ, ಅಲ್ಲಿ ಯಾಕ ಸಗಣಿ ಹಾಕ್ದಿ?"

ಅಪ್ಪ ಕೆಂಡವಾದ. "ಅಕ್ಕಾ, ನಾ ಏನ ಹೇಳೇನಿ ನಿನಗ?"

"ಮಗಳ ಹೆಸರ ತಗೀಬ್ಯಾಡ ಅಂದಿ. ನಾ ಎಮ್ಮಿ ಹೆಸರ ತಗೀಯಾಕತ್ತೇನಿ. ಎಮ್ಮಿ ಮ್ಯಾಲೂ ಸಿಟ್ಟೇನ ತಮ್ಮಾ?"

ಅಪ್ಪ ಉತ್ತರ ಹುಡುಕಲು ಅಂಗಡಿಗೆ ಹೋದ. ಸಂಜೆಯವರೆಗೂ ಸಿಕ್ಕಿರಲಿಲ್ಲ.

ಹೀಗೇ ಎರಡು ಸುಗ್ಗಿ ಕಳೆದವು. ಶೋಭಕ್ಕನ ಸುದ್ದಿ ನಮಗಿಲ್ಲ, ನಮ್ಮದು ಅವಳಿಗಿಲ್ಲ. ಆಗ ಪುಣೆಯಲ್ಲಿದ್ದ ಅಪ್ಪನ ಚಿಕ್ಕಪ್ಪನ ಮಗ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿಗೆ ಕರೆದ. ಅಪ್ಪನಿಗೆ ಅಂಗಡಿ ಬಿಡುವಂತಿರಲಿಲ್ಲ. "ನಾ ಹೋಗತೇನಿ" ಎಂದಳು ಅತ್ತೆ. "ಬೋರ್ಡ ಓದಾಕ ಈಕಿ ಇರ್ಲಿ" ಎಂದು ಕಾಲೇಜಿಗೆ ಹೋಗುತ್ತಿದ್ದ ನನ್ನನ್ನೂ ಎಳೆದುಕೊಂಡಳು. ಬಸ್ಸು ಹೊರಡುವ ಮುಂಚೆ ಅಪ್ಪ ಕಿಟಕಿಯ ಹತ್ತಿರ ಬಂದು, ನಮ್ಮಿಬ್ಬರ ಮುಖವನ್ನೂ ನೋಡದೆ ಹೇಳಿದ:

"ನೆಟ್ಟಗ ಅವರ ಮನಿಗೆ ಹೋಗ್ರಿ. ಮಂಡೈ ಕಡೆ ಹೋಗಬ್ಯಾಡ್ರಿ."

ನಾನು ಕಣ್ಣು ಮುಚ್ಚಿಕೊಂಡೆ. ಅಪ್ಪಾ, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಿನಗೆ ನಿನ್ನ ಅಕ್ಕ ಗೊತ್ತಾಗಲಿಲ್ಲವೇ?

ಬೆಳಗಿನ ಜಾವ ಪುಣೆಯ ಸ್ವಾರಗೇಟಿನಲ್ಲಿ ಇಳಿದಾಗ ಇನ್ನೂ ಮಂಜು ಹರಿದಿರಲಿಲ್ಲ. ಅತ್ತೆ ನಲ್ಲಿಯಲ್ಲಿ ಮುಖ ತೊಳೆದು, ವಿಭೂತಿ ಹಚ್ಚಿ, ಸೀರೆ ಕೊಡವಿಕೊಂಡು ಸೀದಾ ಒಂದು ರಿಕ್ಷಾ ಹತ್ತಿ ಕೂತಳು. "ಮಂಡೈ!" ಎಂದಳು.

"ಅತ್ತಿ, ಅಪ್ಪ ಹೋಗಬ್ಯಾಡ್ರಿ ಅಂತ ಹೇಳ್ಯಾನಲ್ಲ."

"ನಾ ಎಲ್ಲಿ ಹೋಗಾಕತ್ತೇನಿ? ನಾ ಕುಂತೇನಿ. ಹೋಗಾಕತ್ತಿದ್ದು ರಿಕ್ಷಾ!"

ಪುಣೆಯ ಮಂಡೈ ಬ್ರಿಟಿಷರ ಕಾಲದ ಕಟ್ಟಡ. ಕಪ್ಪು ಕಲ್ಲು, ಚೂಪು ಕಮಾನುಗಳು, ನಟ್ಟ ನಡುವೆ ಆಕಾಶಕ್ಕೆ ಎದ್ದ ಗೋಪುರ. ಅತ್ತೆ ರಿಕ್ಷಾ ಇಳಿದವಳೇ ಚಪ್ಪಲಿ ಕಳಚಿ ಕೈ ಮುಗಿದಳು.

"ಯಾವ ದೇವರವ್ವಾ ಇದು?"

"ಅತ್ತಿ, ಇದು ಗುಡಿ ಅಲ್ಲ. ಇದ ಮಂಡೈ, ಕಾಯಿಪಲ್ಲೆ ಪ್ಯಾಟಿ."

ಅವಳು ಮುಗಿದ ಕೈ ಇಳಿಸಲಿಲ್ಲ. "ಮತ್ತೇನಾತು? ಹೊಟ್ಟಿ ತುಂಬಸಾಂವ ದೇವರಲ್ಲೇನ?" ಎಂದು ಇನ್ನೊಮ್ಮೆ ಭಕ್ತಿಯಿಂದ ನಮಸ್ಕಾರ ಹಾಕಿಯೇ ಚಪ್ಪಲಿ ಮೆಟ್ಟಿದಳು.

ಒಳಗೆ ಹೋದರೆ ಕಣ್ಣಿಗೆ ಹಬ್ಬ. ಎತ್ತರದ ಕಟ್ಟೆಗಳ ಮೇಲೆ ಒಬ್ಬೊಬ್ಬರೂ ಸಿಂಹಾಸನದ ಮೇಲೆ ಕೂತಂತೆ ಕೂತು, ಸುತ್ತ ತರಕಾರಿಯ ಕೋಟೆ ಕಟ್ಟಿಕೊಂಡಿದ್ದಾರೆ. ತೊಯ್ದ ಕೊತ್ತಂಬರಿಯ ವಾಸನೆ, ಬಾಳೆಹಣ್ಣಿನ ವಾಸನೆ, ಹಮಾಲರ ಕೂಗು. ನಮ್ಮ ಮೂಡಲಗಿಯ ಸಂತೆ ಇದರ ಒಂದು ಮೂಲೆಗೆ ಸಾಲದು. ಅಷ್ಟು ದೊಡ್ಡದನ್ನು ನೋಡಿ ನಾನು ಹೆದರಿದೆ. ಅತ್ತೆ ಹೆದರಲಿಲ್ಲ, ಮೊದಲ ಕಟ್ಟೆಯಲ್ಲೇ ಜಗಳ ಶುರು ಮಾಡಿದಳು!

ಅತ್ತೆಯ ಮರಾಠಿಯ ಬಗ್ಗೆ ಒಂದು ಮಾತು ಹೇಳಬೇಕು. ಅವಳ ಪ್ರಕಾರ ಮರಾಠಿ ಎಂದರೆ ಕನ್ನಡದ ಕೊನೆಗೆ 'ಆಹೆ' ಹಚ್ಚುವುದು. ಕಟ್ಟೆಯ ಮೇಲೆ ಕಚ್ಚೆ ಸೀರೆ ಉಟ್ಟು, ಹಣೆಯ ತುಂಬ ಕುಂಕುಮ ಹಚ್ಚಿದ ದಪ್ಪನೆಯ ಹೆಂಗಸೊಬ್ಬಳು ಬದನೆಕಾಯಿ ಮಾರುತ್ತಿದ್ದಳು. ಅತ್ತೆ ಒಂದನ್ನು ಎತ್ತಿ ಮೂಗಿನ ಮುಂದೆ ಹಿಡಿದು ಗುಡುಗಿದಳು: "ಏ ಬಾಯಿ! ಇದು ಹುಳುಕ ಆಹೆ! ಮುದುಕ ಆಹೆ!"

ಆ ಹೆಂಗಸು ಕಣ್ಣು ಪಿಳಿಪಿಳಿ ಮಾಡಿ, "ಕಾಯ್ ಮ್ಹಣತಾ ಆಜಿ?" ಎಂದಳು. ಏನಂತೀರಿ ಅಜ್ಜಿ ಎಂದು. ಅಜ್ಜಿ! ಆಗಬಾರದ ಅನರ್ಥ ಆಗಿಯೇ ಹೋಯಿತು. ಮುಂದಿನ ಮಾತುಗಳಲ್ಲಿ ಒಬ್ಬಳದು ಒಬ್ಬಳಿಗೆ ತಿಳಿಯಲಿಲ್ಲ. ಆದರೂ ಇಬ್ಬರೂ ಒಂದೂ ಏಟು ತಪ್ಪಿಸಲಿಲ್ಲ! ಜಗಳಕ್ಕೆ ಭಾಷೆ ಬೇಕಾಗಿಲ್ಲ ಎಂದು ನಾನು ಕಲಿತದ್ದು ಅಂದೇ. ಕೊನೆಗೆ ಆ ಹೆಂಗಸಿಗೆ ನಗು ತಡೆಯಲಾಗದೆ, ಎರಡು ಎಳೆಯ ಬದನೆಕಾಯಿ ಆರಿಸಿ ಅತ್ತೆಯ ಕೈಗೆ ಪುಕ್ಕಟೆ ಇಟ್ಟಳು. ಅತ್ತೆ ಗೆದ್ದವಳಂತೆ ಚೀಲಕ್ಕೆ ಹಾಕಿಕೊಂಡು, "ಈಕಿ ಛಲೋ ಹೆಣಮಗಳ" ಎಂದಳು.

ಮೆಣಸಿನಕಾಯಿ ಅಂಗಡಿಗಳ ಸಾಲನ್ನು ಹುಡುಕಬೇಕಾಗಲಿಲ್ಲ, ಘಾಟೇ ಕೈ ಹಿಡಿದು ಕರೆದೊಯ್ದಿತು. ಅತ್ತೆಗೆ ಸೀನು ಬಂತು. ಅವಳ ಸೀನೆಂದರೆ ಸಾಮಾನ್ಯವಲ್ಲ. ಎಮ್ಮೆ ಗೂಟ ಕಿತ್ತುಕೊಂಡು ಓಡಬೇಕು, ಅಂಥದ್ದು! ಆ ಸಪ್ಪಳಕ್ಕೆ ಇಡೀ ಸಾಲು ತಿರುಗಿ ನೋಡಿತು. ಒಣಕೊಬ್ಬರಿ, ಅರಿಸಿನ, ಮೆಣಸಿನಕಾಯಿ ರಾಶಿಗಳ ಹಿಂದೆ ಬೆನ್ನು ಮಾಡಿ ನಿಂತಿದ್ದ ಹುಡುಗಿಯೊಬ್ಬಳು ತಿರುಗಿ ನೋಡುವ ಮೊದಲೇ ಕೂಗಿದಳು: "ಅತ್ತಿ!"

ಶೋಭಕ್ಕ!

ಎರಡು ಸುಗ್ಗಿಯ ಮೇಲೆ ನೋಡಿದ ಮಗಳಿಗೆ ಅತ್ತೆ ಏನೆಂದಳು ಗೊತ್ತೇ? ಹೇಗಿದ್ದಿ ಎನ್ನಲಿಲ್ಲ. ಅಪ್ಪಿಕೊಳ್ಳಲಿಲ್ಲ. ಶೋಭಕ್ಕನ ಹೊಟ್ಟೆಯ ಕಡೆ ಬೆರಳು ತೋರಿಸಿ, "ಎಷ್ಟ ತಿಂಗಳ?" ಎಂದಳು.

"ಏಳು."

"ಏಳು ತಿಂಗಳ ಬಸರಿನ ಮೆಣಸಿನಕಾಯಿ ಘಾಟಿನ್ಯಾಗ ನಿಂದ್ರಿಸ್ಯಾನ! ಎಲ್ಲಿ ಅದಾನ ಆ ಕಳ್ಳ?"

ಕಳ್ಳ ಅಲ್ಲೇ ತಕ್ಕಡಿಯ ಹಿಂದಿದ್ದ. ಓಡಿ ಬಂದು ಅತ್ತೆಯ ಕಾಲಿಗೆ ಬಿದ್ದ. ಅವನಿಗೆ ಬರುತ್ತಿದ್ದ ಕನ್ನಡವೆಲ್ಲ ವ್ಯಾಪಾರದ ಕನ್ನಡ. ಎದ್ದು ನಿಂತು ಕೈ ಮುಗಿದು, "ಬರ್ರಿ ಅತ್ತಿ. ಮಾಲು ಎಲ್ಲಾ ಛಲೋ ಐತ್ರಿ?" ಎಂದ. ಮನೆಯವರೆಲ್ಲ ಹೇಗಿದ್ದಾರೆ ಎಂದು ಕೇಳಿದ್ದಂತೆ! ಅತ್ತೆಯ ಸಿಟ್ಟಿಗೆ ಅಲ್ಲಿಗೇ ತೂತು ಬಿತ್ತು. ನಗಬಾರದೆಂದು ತುಟಿ ಕಚ್ಚಿಕೊಂಡಳು.

"ನಾನ ಬರತೇನಿ ಅತ್ತಿ, ಅಂಗಡ್ಯಾಗ ನಿಂದ್ರಬ್ಯಾಡ ಅಂತಾನ ಇಂವಾ" ಎಂದು ಶೋಭಕ್ಕ ಗಂಡನ ಪರ ವಹಿಸಿಕೊಂಡಳು. "ಮನ್ಯಾಗ ಒಬ್ಬಕಿನ ಕುಂತರ ಮೂಡಲಗಿ ನೆನಪ ಆಗತೈತಿ ಅತ್ತಿ. ಇಲ್ಲಿ ಬಂದ್ರ ನಮ್ಮ ಕಡೆ ಮೆಣಸಿನಕಾಯಿ ವಾಸನಿನರ ಇರತೈತಿ."

ಅತ್ತೆ ಕೊಬ್ಬರಿ ರಾಶಿಯತ್ತ ಮುಖ ತಿರುಗಿಸಿದಳು. ಅವನು ಮೆಲ್ಲಗೆ ಹೇಳಿದ: "ಅತ್ತಿ, ತವರಮನಿ ಕುಬಸ ಬಾಕಿ ಐತ್ರಿ. ಈಕಿ ದಿನಾ ಅಳೂದು ಐತ್ರಿ."

ನಮ್ಮ ಕಡೆ ಏಳನೆಯ ತಿಂಗಳಿಗೆ ತವರಿನವರು ಬಂದು ಕುಬಸ ಮಾಡಬೇಕು. ಹಸಿರು ಕುಬಸದ ಬಟ್ಟೆ, ಹಸಿರು ಬಳೆ ಕೊಟ್ಟು, ಅಕ್ಕಿ ಕಾಯಿ ಹಣ್ಣು ಹಾಕಿ ಉಡಿ ತುಂಬಬೇಕು. ತವರಿಗೆ ಹೆಸರೇ ಬೇಡವಾದವಳಿಗೆ ಯಾರು ಮಾಡಬೇಕು?

"ದಿನಾ ಅಳತಾಳಂತ!" ಅತ್ತೆ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. "ಯಾಕ ಅಳಬೇಕ? ತವರಮನಿ ಇಲ್ಲೇ ನಿಂತೈತಿ! ಏ ಕಳ್ಳಾ, ಹಸರ ಬಳಿ, ಹಸರ ಕುಬಸದ ಅರಿವಿ ತಗೊಂಡ ಬಾ, ಓಡು!"

"ಇಲ್ಲೇನ ಅತ್ತಿ? ಪ್ಯಾಟ್ಯಾಗ?" ನಾನು ಕೇಳಿದೆ.

"ಯಾಕ, ಇಲ್ಲಿ ಏನ ಕಡಿಮಿ ಐತಿ? ಅಕ್ಕಿ ಐತಿ, ಕಾಯಿ ಐತಿ, ಹಣ್ಣು ಐತಿ, ಎಲಿ ಅಡಿಕಿ ಐತಿ. ಅರಿಸಿಣ ಅಂತೂ ಮೂಟಿಗಟ್ಟಲೆ ಐತಿ! ಯಾವ ಸಾವಕಾರನ ಮನ್ಯಾಗ ಇಷ್ಟ ಇರತೈತಿ?"

ಅಳಿಯ ಪಕ್ಕದ ಓಣಿಗೆ ಓಡಿದ. ಅತ್ತೆ ಒಂದೊಂದು ಕಟ್ಟೆಗೂ ಹೋಗಿ, "ಮಗಳ ಕುಬಸ ಆಹೆ!" ಎಂದು ಸಾರಿದಳು. ಅವಳ ಮರಾಠಿ ಅದೊಂದು ದಿನ ಎಲ್ಲರಿಗೂ ತಿಳಿಯಿತು! ಯಾರೋ ಬಾಳೆಹಣ್ಣು ತಂದರು, ಯಾರೋ ವೀಳ್ಯದೆಲೆ ತಂದರು. ಒಬ್ಬ ಹಮಾಲ ದಾಸವಾಳದ ಹೂವೊಂದನ್ನು ಎಲ್ಲಿಂದಲೋ ಕಿತ್ತು ತಂದ. ಬದನೆಕಾಯಿಯ ಹೆಂಗಸು ಗಿರಾಕಿಗಳನ್ನು ಬಿಟ್ಟು ಓಡಿ ಬಂದಳು. ಗೋಣಿಚೀಲ ಹಾಸಿ, ಮೇಲೆ ಮಡಿ ಪಂಚೆ ಹಾಕಿ ಶೋಭಕ್ಕನನ್ನು ಕೂಡಿಸಿದರು. ಬಳೆ ಬಂದವು, ನಾನೇ ತೊಡಿಸಿದೆ. ಸೆರಗೊಡ್ಡಿ ಕೂತ ಶೋಭಕ್ಕ ಮುಖವೆತ್ತಿ ಅತ್ತೆಯನ್ನು ನೋಡಿದಳು.

ಅತ್ತೆಯ ಮುಂದೆ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಸಿನ ಕೊಂಬು ಎಲ್ಲ ಸಿದ್ಧವಾಗಿತ್ತು. ಅವಳು ಕೈ ಮುಂದೆ ಚಾಚಿದಳು. ಚಾಚಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. ಆಮೇಲೆ ಅದನ್ನು ಸೀರೆಗೆ ಒರೆಸಿಕೊಂಡು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಒಂದು ಹೆಜ್ಜೆ ಹಿಂದೆ ಸರಿದಳು.

"ಈ ಬದನಿಕಾಯಿ ಮಾರಾಕಿ ಉಡಿ ತುಂಬಲಿ" ಎಂದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. "ಆಕಿ ಮುತ್ತೈದಿ ಅದಾಳ. ಚೊಚ್ಚಲ ಬಸರು, ಒಳಗ ಜೀವ ಐತಿ. ನನ್ನ ಕೈ ಬ್ಯಾಡವ್ವಾ."

ನಾನು ದಂಗಾದೆ. ಕಂಡಕ್ಟರಿಗೆ ಹೆದರದವಳು, ಡಾಕ್ಟರಿಗೆ ಬಗ್ಗದವಳು, ಮದುವೆ ಮಂಟಪದಲ್ಲಿ ಮದುಮಗನ ತಾಯಿಯನ್ನೇ ಹಿಂದೆ ಸರಿಸಿದವಳು! ತನಗೆ ಏನಾದರೂ ಆಗಲಿ ಎಂದು ಊರನ್ನೆಲ್ಲ ಎದುರಿಸಿದ ಆ ಹೆಂಗಸು, ಇನ್ನೂ ಹುಟ್ಟದ ಒಂದು ಕೂಸಿಗೆ ಏನಾದರೂ ಆದೀತೆಂದು ತನ್ನ ಕೈಗೆ ತಾನೇ ಹೆದರಿ ನಿಂತಿದ್ದಳು. ಊರವರು ಹೇಳಿದ ಮಾತನ್ನು ಅವಳು ಎಂದೂ ಕೇಳಿರಲಿಲ್ಲ ಎಂದುಕೊಂಡಿದ್ದೆ. ಎಲ್ಲವನ್ನೂ ಕೇಳಿದ್ದಳು.

ಬದನೆಕಾಯಿಯ ಹೆಂಗಸಿಗೆ ವಿಷಯ ತಿಳಿಯಿತು. ಅವಳು ಅತ್ತೆಯ ಬರಿಗೊರಳನ್ನು ನೋಡಿದಳು, ತಾನು ತುಂಬುತ್ತೇನೆ ಎಂದು ಮರಾಠಿಯಲ್ಲಿ ಹೇಳಿ ಮೊರಕ್ಕೆ ಕೈ ಹಾಕಿದಳು. ಶೋಭಕ್ಕ ಒಡ್ಡಿದ್ದ ಸೆರಗನ್ನು ಸಟ್ಟನೆ ಮಡಚಿಕೊಂಡಳು.

"ಅತ್ತಿನ ತುಂಬಬೇಕ. ಇಲ್ಲಾಂದ್ರ ಈ ಕುಬಸ ನನಗ ಬೇಕಾಗಿಲ್ಲ."

"ಶೋಭಾ, ಹಟ ಮಾಡಬ್ಯಾಡ."

"ಮಾಡತೇನಿ! ನೆತ್ತಿಗೆ ಎಣ್ಣಿ ಒತ್ತಿ ಎರದದ್ದು ಯಾವ ಕೈ? ನನಗ ಜ್ವರ ಬಂದಾಗ ಹಣಿ ಮ್ಯಾಲೆ ಇಟಗೊಂಡ ಕುಂತದ್ದು ಯಾವ ಕೈ? ಆವಾಗ ನನಗೇನೂ ಆಗಲಿಲ್ಲ. ಈಗ ನನ್ನ ಕೂಸಿಗೆ ಏನ ಆಗತೈತಿ? ತುಂಬು ಅತ್ತಿ."

ಸುತ್ತ ನಿಂತವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಬದನೆಕಾಯಿಯ ಹೆಂಗಸು ಮೊರವನ್ನು ಎತ್ತಿದಳು. ಎತ್ತಿ, ಅತ್ತೆಯ ಮುಂದೆ ಹಿಡಿದು ನಿಂತಳು.

ಅತ್ತೆ ತುಂಬಿದಳು. ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ಉಡಿಗೆ ಕಾಯಿ ಇಡುವಾಗ ಶೋಭಕ್ಕ ಆ ಕೈಯನ್ನು ಹಿಡಿದು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಅತ್ತೆ ಎಷ್ಟೋ ಹೊತ್ತು ಹಾಗೇ ಬಗ್ಗಿ ನಿಂತಿದ್ದಳು. ಆಮೇಲೆ ಮೂಗು ಒರೆಸಿಕೊಂಡು ಸುತ್ತಲಿನವರ ಮೇಲೆ ಹರಿಹಾಯ್ದಳು: "ಏನ ನೋಡತೀರಿ? ಎಲ್ಲಾ ಘಾಟ ಆಹೆ! ಮೆಣಸಿನಕಾಯಿ ಘಾಟ!"

ವಾಸ್ತುಶಾಂತಿಗೆ ನಾವು ಹೋಗಿ ಮುಟ್ಟುವ ಹೊತ್ತಿಗೆ ಊಟದ ಕೊನೆಯ ಪಂಕ್ತಿ ಏಳುತ್ತಿತ್ತು. ತಡವೇಕೆ ಎಂದು ಕೇಳಿದವರಿಗೆ ಅತ್ತೆ, "ಗುಡಿಗೆ ಹೋಗಿದ್ವಿ" ಎಂದಳು.

ಮರುದಿನ ಮೂಡಲಗಿಗೆ ಬರುವವರೆಗೂ ದಾರಿಯುದ್ದಕ್ಕೂ ಅವಳು ಅಪ್ಪನೊಡನೆ ಆಡಬೇಕಾದ ಜಗಳವನ್ನು ತುಟಿಯಲ್ಲೇ ತಾಲೀಮು ಮಾಡುತ್ತಿದ್ದಳು. ಘಟಪ್ರಭೆಯ ಸೇತುವೆ ದಾಟುವಾಗ ದನಿ ಹೊರಗೇ ಬಂತು, ಮುಂದಿನ ಸೀಟಿನವ ಬೆಚ್ಚಿ ತಿರುಗಿ ನೋಡಿದ! ಮನೆ ಮುಟ್ಟಿದಾಗ ಅಪ್ಪ ಪಡಸಾಲೆಯಲ್ಲಿ ಕೂತಿದ್ದ. ಅತ್ತೆ ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತು ಶುರು ಮಾಡಿದಳು.

"ತಮ್ಮಾ, ಮಂಡೈಗೆ ಹೋಗಿದ್ದೆ. ಶೋಭಾನ್ನ ನೋಡಿದೆ. ಏಳು ತಿಂಗಳ ಬಸರಿ ಅದಾಳ. ಕುಬಸ ಮಾಡಿ ಬಂದೇನಿ. ಬಾಣಂತನ ಈ ಮನ್ಯಾಗ ಆಗಬೇಕ. ಒಲ್ಲೆ ಅಂದ್ರ ಈಗ ಹೇಳಿಬಿಡು, ಇದ ಚೀಲ ತಗೊಂಡ ನಾ ಪುಣೇಕ ತಿರಿಗಿ ಹೋಗತೇನಿ. ನಿನಗ ರೊಟ್ಟಿ ಯಾರ ಬಡೀತಾರ ನೋಡತೇನಿ!"

ಅಪ್ಪ ಕನ್ನಡಕ ತೆಗೆದು ಕೇಳಿದ: "ಉಡಿ ಯಾರ ತುಂಬಿದ್ರು?"

ಅತ್ತೆ ಎದೆ ಸೆಟೆಸಿ ನಿಂತಳು. "ನಾನು. ಏನೀಗ?"

"ಛಲೋ ಆತು" ಎಂದ ಅಪ್ಪ. "ಬ್ಯಾಡ ಅಂದ್ರ ನೀ ಹೋಗೇ ಹೋಗತಿ ಅಂತ ಗೊತ್ತಿತ್ತು. ಬ್ಯಾರೇದವರು ಯಾರರೆ ತುಂಬಿದ್ರ ನನಗ ಸಮಾಧಾನ ಆಗತಿರಲಿಲ್ಲ." ಕನ್ನಡಕ ಮತ್ತೆ ಹಾಕಿಕೊಂಡು ಮುಂದುವರಿಸಿದ: "ಬಸ್ಸಿಗೆ ಕರಕೊಂಡ ಬರೂದು ಬ್ಯಾಡ, ರಸ್ತಾ ಕೆಟ್ಟೈತಿ. ರೈಲಿಗೆ ಬರಲಿ. ಘಟಪ್ರಭಾ ಸ್ಟೇಶನ್ನಿಗೆ ನಾನ ಹೋಗತೇನಿ."

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಜಗಳಕ್ಕೆ ಎದುರಾಳಿಯೇ ಇಲ್ಲದಂತಾಯಿತು. ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತು, ಸೆರಗು ಮುಖಕ್ಕೆ ಹಿಡಿದು ಹೋ ಎಂದು ಅತ್ತಳು. ಅಪ್ಪ ಎದ್ದು ಬಂದು ಅವಳ ಪಕ್ಕ ಹೊಸ್ತಿಲ ಮೇಲೆಯೇ ಕೂತ. ಅವಳ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡ. ಓಣಿಯಲ್ಲಿ ಹೋಗುವವರು ನಿಂತು ನೋಡಿದರು. ಅಪ್ಪ ಬಿಡಲಿಲ್ಲ.